ಅರಬ್ಬಿಯ ‘ಹುಳಿ’ಯನ್ನು ಬೆನ್ನು ಹತ್ತುವುದು ಹೇಗೆ? ಒಂದು ಧಾತುವನ್ನು ಹೀಬ್ರೂ, ಅರಾಮಿಕ್, ಅಕ್ಕೇಡಿಯನ್‌ವರೆಗೆ ಹುಡುಕುವ ಸಮಗ್ರ ಮಾರ್ಗದರ್ಶಿ

ಅರಬ್ಬಿಯಲ್ಲಿ ಹುಳಿಗೆ ಹ಼ಾಮಿದ಼್ ಅನ್ನುತ್ತಾರೆ. ಲೆಬನಾನ್‌ನ ತರಕಾರಿ ಅಂಗಡಿಯಲ್ಲಿ ಅದೇ ಮಾತು ಹೇಳಿದರೆ ನಿಂಬೆಹಣ್ಣು ತೂಗಿ ಕೊಡುತ್ತಾರೆ. ಕೆಮಿಸ್ಟ್ರಿ ಪುಸ್ತಕದಲ್ಲಿ ಅದೇ ಧಾತುವಿನ (ಧಾತು ಅಂದರೆ ಇಲ್ಲಿ ಪದದ ಬೇರು) ಹ಼ಮ್ದ಼್ ಅಂದರೆ ಆಸಿಡ್. ಹಳೇ ಕಾಲದ ಒಂಟೆ ಕಾಯುವವನಿಗೆ ಅದು ಉಪ್ಪುಪ್ಪಾದ ಮೇವಿನ ಗಿಡ. ಪಕ್ಕದ ಹೀಬ್ರೂಗೆ ಹೋದರೆ ವಿನೆಗರ್, ಉಬ್ಬಿದ ಹಿಟ್ಟು, ಉಪ್ಪಿನಕಾಯಿ, ಆಮ್ಲಜನಕ, ಕೈತಪ್ಪಿದ ಅವಕಾಶ ಇಷ್ಟೂ ಸಿಗುತ್ತವೆ. ಇನ್ನು ಅರಾಮಿಕ್‌ನಲ್ಲಂತೂ ಪದದ ಕೊನೆಯ ಅಕ್ಷರವನ್ನು ನೋಡಿದರೆ ಇದು ಅದೇ ಪದ ಅಂತ ನಂಬೋದೇ ಕಷ್ಟ.

ಇವೆಲ್ಲ ಒಂದೇ ಮನೆಯ ಪದಗಳು ಅಂತ ಹೇಗೆ ಗೊತ್ತಾಗುತ್ತದೆ? ಯಾರೋ ಹೇಳಿದ್ದನ್ನು ನಂಬಬೇಕಿಲ್ಲ, ನೀವೇ ಹುಡುಕಿ ನೋಡಬಹುದು. ಭಾಷಾಶಾಸ್ತ್ರ ಓದಿರಬೇಕು ಅಂತೇನಿಲ್ಲ. ಅರಬ್ಬಿ ಮತ್ತು ಹೀಬ್ರೂ ಅಕ್ಷರಗಳನ್ನು ಗುರುತು ಹಿಡಿಯಲು ಬಂದರೆ ಸಾಕು, ಅದನ್ನು ಒಂದೆರಡು ವಾರದಲ್ಲಿ ಕಲಿಯಬಹುದು. ಅರಬ್ಬಿ, ಯೆಹೂದ್ಯರ ಹೀಬ್ರೂ, ಪಶ್ಚಿಮ ಏಷ್ಯಾದ ಹಳೇ ಭಾಷೆ ಅರಾಮಿಕ್, ಬಾಬಿಲೋನಿಯದ ಅಕ್ಕೇಡಿಯನ್ ಇವೆಲ್ಲ ಸೆಮಿಟಿಕ್ ಅನ್ನೋ ಒಂದೇ ಕುಟುಂಬದವು, ನಮ್ಮಲ್ಲಿ ಕನ್ನಡ, ತಮಿಳು, ತೆಲುಗು, ತುಳು ಇದ್ದ ಹಾಗೆ. ಈ ಕುಟುಂಬದ ಪದ ಹುಡುಕೋದನ್ನು ಕಲಿಯಲು ಹುಳಿಗಿಂತ ಒಳ್ಳೇ ಪದ ಇಲ್ಲ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಈ ಕೆಲಸದಲ್ಲಿ ಬರುವ ಎಲ್ಲ ತೊಡಕುಗಳೂ ಈ ಒಂದೇ ಪದದಲ್ಲಿ ಎದುರಾಗುತ್ತವೆ.

ಶುರು ಮಾಡುವ ಮುಂಚೆ

ಮೊದಲು ಬರವಣಿಗೆಯ ಒಂದು ಒಪ್ಪಂದ ಮಾಡಿಕೊಳ್ಳೋಣ. ಅರಬ್ಬಿಯ ಕೆಲವು ಧ್ವನಿಗಳು ಕನ್ನಡದಲ್ಲಿಲ್ಲ. ಅದಕ್ಕೆ ಅಕ್ಷರದ ಕೆಳಗೆ ಚುಕ್ಕಿ ಇಡುತ್ತೇನೆ. ಹ಼ ಅಂದರೆ ಗಂಟಲಿನ ಆಳದಿಂದ ಬರುವ, ಕನ್ನಡಿಗೆ ಬಾಯಿ ಆವಿ ಊದುವಾಗ ಬರುವಂಥ ಹ. ದ಼ ಅಂದರೆ ನಾಲಿಗೆಯ ಹಿಂಭಾಗ ಎತ್ತಿ ಹೇಳುವ ಭಾರವಾದ ದ, ಈ ಅಕ್ಷರದ ಹೆಸರು ದಾದ್. ಸ಼ ಅಂದರೆ ಭಾರವಾದ ಸ, ಹೆಸರು ಸಾದ್. ಸ್ವರದ ಕೆಳಗೆ ಚುಕ್ಕಿ ಇದ್ದರೆ (ಅ಼, ಇ಼) ಅದು ಐನ್, ಗಂಟಲು ಬಿಗಿಹಿಡಿದು ಹೇಳುವ ಅಕ್ಷರ. ಚುಕ್ಕಿ ಬೇಜಾರು ಅಂತ ಬಿಟ್ಟುಬಿಡಬೇಡಿ, ಇಡೀ ಕಥೆ ಇರೋದೇ ಚುಕ್ಕಿಯಲ್ಲಿ.

ಆಮೇಲೆ ನಿಘಂಟುಗಳು. ಅರಬ್ಬಿಗೆ ಹಾನ್ಸ್ ವೇರ್ ಮಾಡಿದ ನಿಘಂಟು ಇವತ್ತಿನ ಬಳಕೆಗೆ ಸಾಕು. ಹಳೆಯ ಅರ್ಥಗಳು ಬೇಕಾದರೆ ಎಡ್ವರ್ಡ್ ಲೇನ್‌ನ ದೊಡ್ಡ ಅರಬ್ಬಿ-ಇಂಗ್ಲಿಷ್ ನಿಘಂಟು (1863ರಿಂದ 1893ರವರೆಗೆ ಬಿಡಿ ಭಾಗಗಳಾಗಿ ಬಂತು). ಲೇನ್ 1876ರಲ್ಲಿ ತೀರಿಕೊಂಡಿದ್ದರಿಂದ ಕೊನೆಯ ಅಕ್ಷರಗಳ ಭಾಗ ತುಂಬ ತೆಳ್ಳಗಿದೆ, ಆದರೆ ನಮ್ಮ ಪದ ಹ಼ದಿಂದ ಶುರುವಾಗೋದರಿಂದ ಚಿಂತೆಯಿಲ್ಲ. ಇನ್ನೂ ಆಳಕ್ಕೆ ಇಳಿಯುವವರಿಗೆ 13ನೇ ಶತಮಾನದ ಇಬ್ನ್ ಮನ್ಜೂರ್‌ನ ‘ಲಿಸಾನ್ ಅಲ್-ಅರಬ್’ ಇದೆ. ಅದರಲ್ಲಿ ಹೊಸಬರು ಕಂಗೆಡುವ ಒಂದು ವಿಷಯ ಏನೆಂದರೆ, ಮೂಲದ ಜೋಡಣೆಯಲ್ಲಿ ಪದಗಳು ಧಾತುವಿನ ಕೊನೆಯ ಅಕ್ಷರದ ಪ್ರಕಾರ ಇರುತ್ತವೆ. ಹಾಗಾಗಿ ನಮ್ಮ ಪದವನ್ನು ಹ಼ ಅಧ್ಯಾಯದಲ್ಲಿ ಹುಡುಕಿದರೆ ಸಿಗೋಲ್ಲ, ದಾದ್ ಅಧ್ಯಾಯಕ್ಕೆ ಹೋಗಿ.

ಬೈಬಲ್ಲಿನ ಹೀಬ್ರೂಗೆ ಬ್ರೌನ್, ಡ್ರೈವರ್, ಬ್ರಿಗ್ಸ್ ಮೂವರ 1906ರ ನಿಘಂಟು. ಅಕ್ಕೇಡಿಯನ್‌ಗೆ ಶಿಕಾಗೋ ವಿಶ್ವವಿದ್ಯಾಲಯದ ನಿಘಂಟು, 1921ರಲ್ಲಿ ಕೆಲಸ ಶುರುವಾಗಿ 2011ರಲ್ಲಿ ಮುಗಿದದ್ದು, ಎಲ್ಲ ಸಂಪುಟಗಳೂ ಪುಕ್ಕಟೆ ಪಿಡಿಎಫ್ ಆಗಿ ಸಿಗುತ್ತವೆ. ಅರಾಮಿಕ್‌ಗೆ ಆನ್‌ಲೈನ್‌ನಲ್ಲಿ ‘ಕಾಂಪ್ರಹೆನ್ಸಿವ್ ಅರಾಮಿಕ್ ಲೆಕ್ಸಿಕನ್’ ಇದೆ. ದುಡ್ಡು ಖರ್ಚು ಮಾಡುವ ಅಗತ್ಯ ಇಲ್ಲವೇ ಇಲ್ಲ.

ಹಂತ 1: ಮೂರು ಅಕ್ಷರ ಹೊರಗೆಳೆಯಿರಿ

ಸೆಮಿಟಿಕ್ ಪದಗಳ ಬೆನ್ನೆಲುಬು ಸಾಮಾನ್ಯವಾಗಿ ಮೂರು ವ್ಯಂಜನ. ಸ್ವರಗಳು, ಹಿಂದೆ ಮುಂದೆ ಅಂಟುವ ಪ್ರತ್ಯಯಗಳು ಅಚ್ಚು ಮಾತ್ರ. ಕಿತಾಬ್, ಕಾತಿಬ್, ಮಕ್ತಬ್ ಮೂರರಲ್ಲೂ ಕ-ತ-ಬ ಇದೆ ಅಲ್ವಾ, ಹಾಗೆ. ಬರೆಯುವವನು ಕಾತಿಬ್ ಆದರೆ ಹುಳಿಯಾಗಿರುವುದು ಹ಼ಾಮಿದ಼್, ಎರಡೂ ಒಂದೇ ಅಚ್ಚು. ‘ಹ಼ುಮೂದ಼’ ಅಂದರೆ ಹುಳಿತನ, ಅಸಿಡಿಟಿ. ಅಚ್ಚು ಕಿತ್ತರೆ ಉಳಿಯೋದು ಹ಼-ಮ-ದ಼. ಇದೇ ನಿಮ್ಮ ಬೇಟೆ, ಈ ಹಂತ ಇಷ್ಟೇ.

ಹಂತ 2: ಅರಬ್ಬಿಯೊಳಗಿನ ಅರ್ಥಗಳನ್ನೆಲ್ಲ ಗುಡ್ಡೆ ಹಾಕಿ

ಸುಮಾರು ಜನ ಇಲ್ಲಿ ಆತುರಪಡುತ್ತಾರೆ. ನಿಘಂಟಿನ ಮೊದಲ ಸಾಲಲ್ಲಿ ‘ಹುಳಿ’ ಅಂತ ಕಂಡ ಕೂಡಲೇ ಬೇರೆ ಭಾಷೆಗೆ ಹಾರಿಬಿಡುತ್ತಾರೆ. ಹಾಗೆ ಮಾಡಬೇಡಿ. ಮುಂದೆ ಹೀಬ್ರೂದಲ್ಲಿ ಎದುರಾಗುವ ಒಂದು ಒಗಟಿಗೆ ಉತ್ತರ ಅರಬ್ಬಿಯ ಆರನೆಯದೋ ಏಳನೆಯದೋ ಅರ್ಥದಲ್ಲಿ ಅಡಗಿರುತ್ತದೆ.

ಇವತ್ತಿನ ಬಳಕೆ ಮೊದಲು ಬರೆದುಕೊಳ್ಳಿ. ಹ಼ಮ್ದ಼್ ಅಂದರೆ ಆಸಿಡ್, ಹ಼ಮ್ದ಼ಿಯ್ಯಾತ್ ಅಂದರೆ ನಿಂಬೆ, ಕಿತ್ತಳೆ, ಮೋಸಂಬಿ ಜಾತಿಯ ಹಣ್ಣುಗಳು. ಹ಼ುಮ್ಮಾದ಼್ ಅನ್ನೋದು ಹುಳಿ ಸೊಪ್ಪು, ನಮ್ಮ ಚುಕ್ಕಿ ಸೊಪ್ಪಿನ ಕುಲದ್ದು. ತಹ಼್ಮೀದ಼್ ಅಂದರೆ ಅಕ್ಷರಶಃ ಹುಳಿ ಮಾಡುವುದು, ಆದರೆ ಫೋಟೋ ರೀಲುಗಳಿದ್ದ ಕಾಲದಲ್ಲಿ ಸ್ಟುಡಿಯೋದವರು ರೀಲು ತೊಳೆದು ಚಿತ್ರ ಬರಿಸುವುದಕ್ಕೆ ಇದನ್ನೇ ಹೇಳುತ್ತಿದ್ದರು, ರಾಸಾಯನಿಕದಲ್ಲಿ ಅದ್ದಬೇಕಲ್ಲ. ಊರಿಂದ ಊರಿಗೆ ಬಳಕೆ ಬದಲಾಗುವುದನ್ನೂ ಗುರುತು ಮಾಡಿ. ಲೆಬನಾನ್‌ನಲ್ಲೂ ಮೊರಾಕೋದಲ್ಲೂ ಈ ಪದವೇ ನಿಂಬೆಹಣ್ಣಿನ ಹೆಸರು. ತಮಾಷೆ ಅಂದರೆ ಲೆಬನಾನ್‌ನಲ್ಲಿ ‘ಲೈಮೂನ್’ ಅಂತ ಕೇಳಿದರೆ ಕಿತ್ತಳೆ ಕೊಡುತ್ತಾರೆ. ಆದರೆ ಅರಬ್ಬಿಯ ಸಂತಾನವೇ ಆದ ಮಾಲ್ಟೀಸ್‌ನಲ್ಲಿ ಹುಳಿಗೆ ಇರುವ ಮಾತು ‘ಕಚ್ಚುವಂಥದು’ ಅನ್ನೋ ಬೇರೆ ಧಾತುವಿನಿಂದ ಬಂದದ್ದು. ಕುಟುಂಬದವರೆಲ್ಲ ಒಂದೇ ಪದ ಇಟ್ಟುಕೊಂಡಿರಬೇಕು ಅಂತ ನಿಯಮ ಇಲ್ಲ.

ಈಗ ಹಳೆಯ ಅರ್ಥಗಳು. ನನಗೆ ಇಡೀ ಹುಡುಕಾಟದಲ್ಲಿ ಜಾಸ್ತಿ ಇಷ್ಟವಾದದ್ದು ಇದೇ ಭಾಗ. ಮರುಭೂಮಿಯ ಅರಬರು ಒಂಟೆಯ ಮೇವನ್ನು ಎರಡಾಗಿ ನೋಡುತ್ತಿದ್ದರು. ಒಂದು ‘ಖುಲ್ಲ’, ಸಿಹಿಯಾದ ಸಾಧಾರಣ ಮೇವು. ಇನ್ನೊಂದು ‘ಹ಼ಮ್ದ಼್’, ಉಪ್ಪುಪ್ಪಾಗಿ ಒಗರಾಗಿ ಇರುವ, ಚೌಳು ನೆಲದಲ್ಲಿ ಬೆಳೆಯುವ ಗಿಡಗಳು. ‘ಖುಲ್ಲ ಒಂಟೆಗೆ ರೊಟ್ಟಿ, ಹ಼ಮ್ದ಼್ ಅದಕ್ಕೆ ಹಣ್ಣು’ ಅಂತ ಒಂದು ಹಳೇ ಮಾತನ್ನು ನಿಘಂಟುಕಾರರು ಬರೆದಿಟ್ಟಿದ್ದಾರೆ. ಸಿಹಿ ಮೇವು ತಿಂದು ತಿಂದು ಒಂಟೆಗೆ ಬೇಸರ ಬಂದಾಗ ಅದು ಹ಼ಮ್ದ಼್ ಕಡೆಗೆ ತಿರುಗುತ್ತಿತ್ತು.

ಅಲ್ಲಿಂದ ಅರ್ಥ ಇನ್ನೊಂದು ಜಿಗಿತ ಜಿಗಿಯಿತು. ಪ್ರವಾದಿ ಮುಹಮ್ಮದರ ಚಿಕ್ಕಪ್ಪನ ಮಗ ಇಬ್ನ್ ಅಬ್ಬಾಸ್ ದೊಡ್ಡ ಕುರಾನ್ ವಿದ್ವಾಂಸ. ಕೂತವರು ಹೊತ್ತುಗಟ್ಟಲೆ ಗಹನವಾದ ವಿಷಯ ಮಾತಾಡಿ ದಣಿದಾಗ ಅವರು ‘ಅಹ಼್ಮಿದ಼ೂ’ ಅನ್ನುತ್ತಿದ್ದರಂತೆ. ಒಂಟೆ ಮೇವು ಬದಲಾಯಿಸಿದ ಹಾಗೆ ನೀವೂ ಮಾತು ಬದಲಾಯಿಸಿ, ಕಥೆ, ಕವಿತೆ, ನಗೆಮಾತು ಏನಾದರೂ ಆಗಲಿ ಅಂತ. ‘ಇಹ಼್ಮಾದ಼್’ ಅಂದರೆ ಗಂಭೀರದಿಂದ ಹಗುರಕ್ಕೆ ಹೊರಳುವುದು ಅನ್ನೋ ಅರ್ಥ ಹೀಗೆ ನಿಂತಿತು. ಹುಳಿ ಅಂದರೆ ಮುಖ ಕಿವಿಚೋದು ಅಂದುಕೊಂಡವರಿಗೆ ಇದು ಉಲ್ಟಾ. ಅದಕ್ಕೇ ಹೇಳಿದ್ದು, ಅರ್ಥವನ್ನು ಊಹಿಸಬೇಡಿ, ಪೂರ್ತಿ ಓದಿ.

ಹಂತ 3: ದಾದ್ ಎಲ್ಲೆಲ್ಲಿ ಏನಾಗುತ್ತದೆ ಅಂತ ತಿಳಿದುಕೊಳ್ಳಿ

ಈ ಹಂತ ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ ಊಹೆ. ಹ಼-ಮ-ದ಼ದಲ್ಲಿ ಮ ಎಲ್ಲೂ ತೊಂದರೆ ಕೊಡೋಲ್ಲ. ಹ಼ ಅಕ್ಕೇಡಿಯನ್‌ನಲ್ಲಿ ಮಾತ್ರ ಆಟ ಆಡುತ್ತದೆ. ನಿಜವಾದ ತಲೆನೋವು ಮೂರನೆಯ ಅಕ್ಷರ, ದಾದ್. ಅರಬರು ತಮ್ಮ ಭಾಷೆಯನ್ನೇ ‘ದಾದ್‌ನ ಭಾಷೆ’ ಅಂತ ಕರೆದುಕೊಂಡರು, ಬೇರೆಯವರಿಗೆ ಇದು ಹೇಳಲು ಬರೋಲ್ಲ ಅಂತ ಹೆಮ್ಮೆ.

ಮೂಲದಲ್ಲಿ ಇದು ನಾಲಿಗೆಯ ಪಕ್ಕದಿಂದ ಗಾಳಿ ಹೊರಡುವ, ಲ-ಕಾರದ ಛಾಯೆ ಇದ್ದ ಧ್ವನಿ. 8ನೇ ಶತಮಾನದ ವ್ಯಾಕರಣಕಾರ ಸೀಬವೈಹಿ ಹಾಗೇ ವರ್ಣಿಸಿದ್ದಾನೆ. ಇನ್ನೊಂದು ಸಾಕ್ಷಿ ಸ್ಪ್ಯಾನಿಷ್‌ನಲ್ಲಿದೆ. ಅರಬ್ಬಿಯ ‘ಅಲ್-ಕಾದ಼ೀ’, ಅಂದರೆ ನ್ಯಾಯಾಧೀಶ, ಸ್ಪೇನಿನಲ್ಲಿ ‘ಅಲ್ಕಾಲ್ದೆ’ ಆಯಿತು, ಈಗ ಅದರ ಅರ್ಥ ಮೇಯರ್. ಕಾ ಆದ ಮೇಲೆ ಒಂದು ಲ ಎಲ್ಲಿಂದ ಬಂತು? ದಾದ್‌ನ ಹೊಟ್ಟೆಯಿಂದ.

ಈ ಕಷ್ಟದ ಧ್ವನಿ ಒಂದೊಂದು ಭಾಷೆಯಲ್ಲಿ ಒಂದೊಂದು ದಾರಿ ಹಿಡಿಯಿತು. ಅರಬ್ಬಿಯಲ್ಲಿ ದ಼, ಹೀಬ್ರೂದಲ್ಲಿ ಸ಼, ಅಕ್ಕೇಡಿಯನ್‌ನಲ್ಲೂ ಸ಼, ಅರಾಮಿಕ್‌ನಲ್ಲಿ ಐನ್. ಪರ್ಷಿಯನ್ನರು ಅರಬ್ಬಿ ಪದಗಳನ್ನು ಎರವಲು ತಗೊಂಡಾಗ ಇದನ್ನು ಜ಼ (ಇಂಗ್ಲಿಷಿನ z) ಮಾಡಿಕೊಂಡರು, ಅಲ್ಲಿಂದ ಉರ್ದುವಿಗೆ ಬಂತು, ಕನ್ನಡಕ್ಕೆ ಬರುವಾಗ ಜ ಆಯಿತು. ರಮದ಼ಾನ್ ನಮ್ಮಲ್ಲಿ ರಂಜಾನ್ ಆಗಿದ್ದು ಹೀಗೆ. ರಾಜಿ, ಹಾಜರು, ಅರ್ಜಿ, ಜಪ್ತಿ, ಜಾಮೀನು ಇವುಗಳಲ್ಲಿರುವ ಜ ಕೂಡ ಅರಬ್ಬಿಯ ದಾದೇ. ನೀವು ಕಚೇರಿಗೆ ಅರ್ಜಿ ಕೊಟ್ಟಾಗಲೆಲ್ಲ ಈ ಅಕ್ಷರ ಬಳಸಿದ್ದೀರಿ, ಅಷ್ಟೇ, ಗೊತ್ತಿರಲಿಲ್ಲ.

ಅಭ್ಯಾಸಕ್ಕೆ ‘ಜಿಲ್ಲೆ’ ತಗೊಳ್ಳಿ. ಇದು ಅರಬ್ಬಿಯ ದ಼ಿಲ್ಅ಼, ಅರ್ಥ ಪಕ್ಕೆಲುಬು. ಪಕ್ಕೆಲುಬಿನಿಂದ ಪಕ್ಕ, ಪಕ್ಕದಿಂದ ಭೂಭಾಗ, ಆಮೇಲೆ ಪರ್ಷಿಯನ್ ಆಡಳಿತದ ಮಾತಿನ ಮೂಲಕ ನಮ್ಮ ಜಿಲ್ಲೆ. ಹೀಬ್ರೂದಲ್ಲಿ ಇದು ಏನಾಗಬೇಕು? ದ಼ ಹೋಗಿ ಸ಼ ಬರಬೇಕು. ಹುಡುಕಿದರೆ ಸ಼ೇಲಅ಼ ಸಿಗುತ್ತದೆ, ಬೈಬಲ್ಲಿನ ಆದಿಕಾಂಡದಲ್ಲಿ ಹವ್ವಳನ್ನು ಮಾಡಿದ ಪಕ್ಕೆಲುಬು ಇದೇ. ಅರಾಮಿಕ್‌ನಲ್ಲಿ? ಐನ್ ಬರಬೇಕು. ದಾನಿಯೇಲನ ಪುಸ್ತಕದ 7ನೇ ಅಧ್ಯಾಯದಲ್ಲಿ ಕರಡಿಯ ಬಾಯಲ್ಲಿ ಮೂರು ಪಕ್ಕೆಲುಬು ಇರುವ ಕನಸು ಬರುತ್ತದೆ, ಅಲ್ಲಿರುವ ಮಾತು ‘ಇ಼ಲ್ಇ಼ನ್’, ಎರಡು ಐನ್ ಇರುವ ಪದದ ಬಹುವಚನ. ಕಣ್ಣಿಗೆ ಜಿಲ್ಲೆಗೂ ಇದಕ್ಕೂ ಒಂದು ಅಕ್ಷರದ ಸಂಬಂಧವೂ ಕಾಣೋಲ್ಲ. ನಿಯಮ ಗೊತ್ತಿದ್ದರೆ ಒಂದೇ ಪದ.

ಒಂದೇ ಪದ ಸಾಲದು, ಇನ್ನೆರಡು ಜೋಡಿ ಇಟ್ಟುಕೊಳ್ಳಿ. ಭೂಮಿಗೆ ಅರಬ್ಬಿಯಲ್ಲಿ ಅರ್ದ಼್, ಹೀಬ್ರೂದಲ್ಲಿ ಎರೆಸ಼್, ಅರಾಮಿಕ್‌ನಲ್ಲಿ ಅರ್ಆ಼. ಮೊಟ್ಟೆಗೆ ಬೈದ಼, ಬೇಸ಼, ಬೇಅ಼ತಾ. ಅರಾಮಿಕ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ: ಐನ್ ಆಗುವ ಮುಂಚೆ ಈ ಅಕ್ಷರವನ್ನು ಗಂಟಲಿನ ಕ ಇಂದ ಬರೆಯುತ್ತಿದ್ದರು, ಭೂಮಿ ಆಗ ‘ಅರ್ಕಾ’. ಯೆರೆಮೀಯನ ಪುಸ್ತಕದ 10ನೇ ಅಧ್ಯಾಯದ 11ನೇ ವಚನ ಅರಾಮಿಕ್‌ನಲ್ಲಿದೆ, ಅದೊಂದೇ ವಚನದಲ್ಲಿ ಹಳೇ ಅರ್ಕಾ, ಹೊಸ ಅರ್ಆ಼ ಎರಡೂ ಇವೆ. ತೆಗೆದು ನೋಡಿ, ಚೆನ್ನಾಗಿದೆ.

ಹಂತ 4: ನಿಯಮ ಹಿಡಿದುಕೊಂಡು ಹೀಬ್ರೂಗೆ ಹೋಗಿ

ಹ಼-ಮ-ದ಼ ಹೀಬ್ರೂದಲ್ಲಿ ಹ಼-ಮ-ಸ಼ ಆಗಬೇಕು. ನಿಘಂಟು ತೆಗೆದರೆ ಪದಗಳು ರಾಶಿ ಬೀಳುತ್ತವೆ.

ಹ಼ಾಮೇಸ಼್ ಅಂದರೆ ಹುಳಿ ಬಂದ ಹಿಟ್ಟು, ಅದರಿಂದ ಮಾಡಿದ ರೊಟ್ಟಿ. ಪಾಸ್ಕ ಹಬ್ಬದ ವಾರದಲ್ಲಿ ಯೆಹೂದ್ಯರ ಮನೆಯಲ್ಲಿ ಇದು ಇರಬಾರದು, ವಿಮೋಚನಕಾಂಡದ 12ನೇ ಅಧ್ಯಾಯದಲ್ಲಿ ಬಂದಿರುವ ಕಟ್ಟಳೆ. ನೀರು ಬಿದ್ದ ಹಿಟ್ಟು ನಾದದೆ ಬೇಯಿಸದೆ 18 ನಿಮಿಷ ಸುಮ್ಮನೆ ಬಿದ್ದಿದ್ದರೆ ಹ಼ಾಮೇಸ಼್ ಅಂತ ಲೆಕ್ಕ. ಹ಼ೋಮೆಸ಼್ ಅಂದರೆ ವಿನೆಗರ್. ರೂತಳ ಕಥೆಯಲ್ಲಿ ಹೊಲದ ಯಜಮಾನ ಬೋವಜ ಅವಳನ್ನು ಊಟಕ್ಕೆ ಕರೆದು ನಿನ್ನ ತುತ್ತನ್ನು ಹ಼ೋಮೆಸ಼್‌ನಲ್ಲಿ ಅದ್ದಿಕೋ ಅನ್ನುತ್ತಾನೆ. 73ನೇ ಕೀರ್ತನೆಯಲ್ಲಿ ಕವಿಯ ಎದೆಯೇ ಹುಳಿಯಾಗುತ್ತದೆ, ದುಷ್ಟರು ಸುಖವಾಗಿರೋದನ್ನು ನೋಡಿ.

ಈಗ ಆ ಒಗಟು. ಯೆಶಾಯನ 30ನೇ ಅಧ್ಯಾಯದ 24ನೇ ವಚನದಲ್ಲಿ ಉಳುವ ಎತ್ತು ಕತ್ತೆಗಳು ‘ಹ಼ಾಮೀಸ಼್’ ಆದ ಮೇವು ತಿನ್ನುತ್ತವೆ ಅಂತ ಬರುತ್ತದೆ. ಇದು ದೇವರು ಕೊಡುವ ಸಮೃದ್ಧಿಯ ವರ್ಣನೆ, ಅಲ್ಲಿ ಹುಳಿ ಹಿಡಿದು ಕೆಟ್ಟ ಮೇವಿಗೇನು ಕೆಲಸ? ಇಲ್ಲಿ ವಿದ್ವಾಂಸರು ನೆನಪು ಮಾಡಿಕೊಳ್ಳೋದು ಅರಬ್ಬಿಯ ಒಂಟೆ ಗಿಡವನ್ನು. ಜಾನುವಾರು ಆಸೆಪಟ್ಟು ತಿನ್ನುವ, ಉಪ್ಪು ಹುಳಿ ರುಚಿ ಇರುವ ಮೇವು ಅಂದರೆ ವಚನ ಸರಿಹೋಗುತ್ತದೆ. ಎರಡನೇ ಹಂತದಲ್ಲಿ ‘ಹುಳಿ’ ಅಂತ ಮಾತ್ರ ಬರೆದುಕೊಂಡು ಬಂದಿದ್ದರೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದಿರಿ.

ಇವತ್ತಿನ ಹೀಬ್ರೂ ಇದೇ ಧಾತುವನ್ನು ಚೆನ್ನಾಗಿ ದುಡಿಸಿಕೊಂಡಿದೆ. ಉಚ್ಚಾರದಲ್ಲಿ ಸ಼ ಈಗ ‘ತ್ಸ’ ಆಗಿದೆ, ಬರೆಯೋದು ಅದೇ ಅಕ್ಷರ. ಹುಳಿ, ಆಸಿಡ್, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಎಲ್ಲ ಇದರಿಂದಲೇ. ಮುಖ ಗಂಟುಹಾಕಿದವನನ್ನು ಹುಳಿಮುಖದವನು ಅನ್ನುತ್ತಾರೆ. ‘ಬಸ್ಸು ತಪ್ಪಿಹೋಯಿತು, ಅವಕಾಶ ತಪ್ಪಿಸಿಕೊಂಡೆ’ ಅನ್ನುವಾಗಲೂ ಈ ಧಾತುವಿನ ಕ್ರಿಯಾಪದ ಬರುತ್ತದೆ, ಹುಳಿಯಾಗಲು ಬಿಟ್ಟೆ ಅಂತ. ಇದರ ಹಿಂದೆ ಹಳೇ ರಬ್ಬಿಗಳ, ಅಂದರೆ ಯೆಹೂದ್ಯ ಧರ್ಮಗುರುಗಳ ಚಮತ್ಕಾರ ಇದೆ. ಸ್ವರಚಿಹ್ನೆ ಇಲ್ಲದೆ ಬರೆದರೆ ಹುಳಿಯಿಲ್ಲದ ರೊಟ್ಟಿಗಳು ಅನ್ನೋ ‘ಮಸ಼್ಸ಼ೋತ್’, ಧರ್ಮದ ಆಜ್ಞೆಗಳು ಅನ್ನೋ ‘ಮಿಸ಼್ವೋತ್’ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ರೊಟ್ಟಿಯನ್ನು ಹುಳಿಯಾಗಲು ಬಿಡದ ಹಾಗೆ ಕೈಗೆ ಬಂದ ಸತ್ಕಾರ್ಯವನ್ನೂ ಹುಳಿಯಾಗಲು ಬಿಡಬೇಡ, ಕೂಡಲೇ ಮಾಡು ಅಂದರು.

ಹಂತ 5: ಅರಾಮಿಕ್ ಮತ್ತು ಅಕ್ಕೇಡಿಯನ್

ಅರಾಮಿಕ್‌ನಲ್ಲಿ ಹ಼-ಮ-ಐನ್ ಹುಡುಕಿ. ಹ಼ಮೀಅ಼ ಸಿಗುತ್ತದೆ, ಹುಳಿ ಬಂದದ್ದು ಅಂತ. ಪುಸ್ತಕದಲ್ಲೇ ಉಳಿದ ಪದ ಅಂದುಕೊಳ್ಳಬೇಡಿ. ಪಾಸ್ಕಕ್ಕೆ ಮುಂಚೆ ಮನೆ ಗುಡಿಸಿ ‘ನನ್ನ ಬಳಿ ಉಳಿದಿರಬಹುದಾದ ಎಲ್ಲ ಹ಼ಮೀರ, ಎಲ್ಲ ಹ಼ಮೀಅ಼ ನೆಲದ ಧೂಳಿಗೆ ಸಮ’ ಅಂತ ಹೇಳುವ ಅರಾಮಿಕ್ ಮಾತನ್ನು ಯೆಹೂದ್ಯರು ಇಂದಿಗೂ ಹೇಳುತ್ತಾರೆ. ಇಲ್ಲಿರುವ ಎರಡು ಪದಗಳ ಪೈಕಿ ಎರಡನೆಯದು ಮಾತ್ರ ನಮ್ಮದು. ಮೊದಲನೆಯದರ ಬಗ್ಗೆ ಏಳನೇ ಹಂತದಲ್ಲಿ ಮಾತಾಡೋಣ.

ಅಕ್ಕೇಡಿಯನ್ ಬಾಬಿಲೋನಿಯ, ಅಸ್ಸೀರಿಯದ ಭಾಷೆ, ಜೇಡಿಮಣ್ಣಿನ ಹಲಗೆಗಳ ಮೇಲೆ ಉಳಿದದ್ದು. ಅಲ್ಲಿ ಹ಼ ಬಿದ್ದುಹೋಯಿತು, ಹೋಗುವಾಗ ಪಕ್ಕದ ಅ-ಕಾರವನ್ನು ಎ ಮಾಡಿ ಹೋಯಿತು. ಹಾಗಾಗಿ ಹ಼-ಮ-ದ಼ ಅಲ್ಲಿ ‘ಎಮ್ಸ಼ು’, ಅರ್ಥ ಹುಳಿ. ಹುಳಿಯಾಗು ಅನ್ನೋ ಕ್ರಿಯಾಪದ ‘ಎಮೇಸ಼ು’. ಶಿಕಾಗೋ ನಿಘಂಟಿನಲ್ಲಿ ಧಾತುವಿನ ಕೆಳಗೆ ಹುಡುಕಬೇಡಿ, ಅದು ಪದದ ಅಕ್ಷರಕ್ರಮದಲ್ಲಿದೆ, ಎ ಸಂಪುಟ ತೆಗೆಯಿರಿ.

ಹಂತ 6: ಅರ್ಥದ ದಾರಿ ನಡೆಯುತ್ತದಾ ನೋಡಿ

ಧ್ವನಿ ಹೊಂದಿದರೆ ಸಾಲದು, ಅರ್ಥ ಹೀಗೆ ಬದಲಾಗುವುದು ಸಾಧ್ಯವಾ ಅಂತಲೂ ಕೇಳಬೇಕು. ಅದಕ್ಕೆ ಸುಲಭ ಉಪಾಯ, ಸಂಬಂಧವೇ ಇಲ್ಲದ ಭಾಷೆಯಲ್ಲಿ ಇದೇ ಬದಲಾವಣೆ ಆಗಿದೆಯಾ ನೋಡುವುದು. ಹುಳಿಗೂ ಉಬ್ಬಿದ ಹಿಟ್ಟಿಗೂ ಏನು ನಂಟು ಅಂತ ಕನ್ನಡದವರಿಗೆ ಹೇಳಿಕೊಡಬೇಕಾ? ದೋಸೆ ಹಿಟ್ಟು ಹುಳಿ ಬಂತಾ ಅಂತ ದಿನಾ ಕೇಳುತ್ತೇವೆ, ನಾಲಿಗೆಗೆ ಹಚ್ಚಿ ನೋಡಿ ಕೇಳೋದಿಲ್ಲ, ಪಾತ್ರೆಯಲ್ಲಿ ಮೇಲೆ ಬಂದಿದೆಯಾ ಅಂತ ನೋಡಿ ಕೇಳುತ್ತೇವೆ. ಬೇಳೆ ತರಕಾರಿಯ ಸಾಂಬಾರಿಗೇ ‘ಹುಳಿ’ ಅಂತ ಹೆಸರಿಟ್ಟವರು ನಾವು, ಲೆಬನಾನ್‌ನವರು ನಿಂಬೆಹಣ್ಣಿಗೆ ಹ಼ಾಮಿದ಼್ ಅಂದದ್ದರಲ್ಲಿ ಆಶ್ಚರ್ಯ ಏನಿದೆ.

ಹಂತ 7: ಸೋಗು ಹಾಕಿದವರನ್ನು ಹೊರಗೆ ಕಳಿಸಿ

ಇಲ್ಲಿ ನಿಷ್ಠುರವಾಗಿರಬೇಕು. ಹತ್ತಿರ ಕಾಣುವ ನಾಲ್ಕು ಪದಗಳು ಬಾಗಿಲು ಬಡಿಯುತ್ತವೆ.

ಮೊದಲನೆಯದು ಹ಼ಮ್ದ್, ಹೊಗಳಿಕೆ. ಅಹಮದ್, ಮುಹಮ್ಮದ್, ಹಮೀದ್ ಹೆಸರುಗಳ ಧಾತು. ಇಲ್ಲಿರುವುದು ಹಗುರ ದ, ಚುಕ್ಕಿ ಇಲ್ಲ. ಕನ್ನಡದಲ್ಲಿ ಚುಕ್ಕಿ ಬಿಟ್ಟು ಬರೆದರೆ ಹೊಗಳಿಕೆಯೂ ಆಸಿಡ್ಡೂ ಒಂದೇ ಆಗಿಬಿಡುತ್ತವೆ. ಹಮೀದ್ ಅನ್ನೋ ಗೆಳೆಯನಿಗೆ ನಿನ್ನ ಹೆಸರಿನ ಅರ್ಥ ಹುಳಿ ಅಂತ ಹೇಳಿ ಜಗಳ ತಂದುಕೊಳ್ಳಬೇಡಿ.

ಎರಡನೆಯದು ಹ಼-ಮ-ಸ, ಹೀಬ್ರೂದಲ್ಲಿ ಹಿಂಸೆ ಅನ್ನೋ ಅರ್ಥ. ಇಲ್ಲಿರೋದು ಸಾಧಾರಣ ಸ, ಸಾದ್ ಅಲ್ಲ. ಬೇಗ ಮುಗಿಯಿತು.

ಮೂರನೆಯದು ಖಮೀರ. ಯೀಸ್ಟ್, ಹುದುಗು. ಉತ್ತರ ಭಾರತದ ಖಮೀರಿ ರೊಟ್ಟಿ, ಸ್ವಾಹಿಲಿ ಭಾಷೆಯಲ್ಲಿ ಯೀಸ್ಟಿಗೆ ಹೇಳುವ ‘ಹಮೀರ’, ಮದ್ಯಕ್ಕೆ ಅರಬ್ಬಿಯಲ್ಲಿ ಹೇಳುವ ‘ಖಮ್ರ್’ ಎಲ್ಲ ಖ-ಮ-ರ. ಹಿಟ್ಟು ಉಬ್ಬುವ ಅರ್ಥ ಎರಡರಲ್ಲೂ ಇರೋದರಿಂದ ಎಂಥವರೂ ಮೋಸ ಹೋಗುತ್ತಾರೆ. ಪಾಸ್ಕದ ಮಾತಿನಲ್ಲಿ ಬಂದ ‘ಹ಼ಮೀರ’ ಇದೇ, ಅರಾಮಿಕ್‌ನಲ್ಲಿ ಖ ಮತ್ತು ಹ಼ ಸೇರಿಹೋದದ್ದರಿಂದ ಹಾಗೆ ಕಾಣುತ್ತದೆ. ಮೂರನೇ ಅಕ್ಷರ ರ, ಅಲ್ಲಿಗೆ ಕೇಸ್ ಕ್ಲೋಸ್.

ನಾಲ್ಕನೆಯದು ಹುಮ್ಮಸ್, ಅಂದರೆ ಕಡಲೆ. ಅರಬ್ಬಿಯಲ್ಲಿ ಹ಼-ಮ-ಸ಼, ಸಾದ್ ಇದೆ. ಇದು ಸ್ವಲ್ಪ ಹಠಮಾರಿ. ಯಾಕೆಂದರೆ ಹೀಬ್ರೂದಲ್ಲಿ ಹಳೇ ದಾದ್ ಬಂದು ಸಾದ್ ಜೊತೆ ಸೇರಿಕೊಂಡಿದೆ, ಅಲ್ಲಿ ನಿಂತು ನೋಡಿದರೆ ಹುಳಿಯ ಹ಼-ಮ-ಸ಼, ಕಡಲೆಯ ಹ಼-ಮ-ಸ಼ ಎರಡೂ ಒಂದೇ. ಅದಕ್ಕೇ ರೂತ್ ತುತ್ತು ಅದ್ದಿದ್ದು ವಿನೆಗರಿನಲ್ಲಲ್ಲ, ಹುಮ್ಮಸ್‌ನಲ್ಲಿ ಅಂತ ವಾದ ಮಾಡುವವರೂ ಇದ್ದಾರೆ. ಹೀಬ್ರೂ ಅಕ್ಷರ ನೋಡಿ ಇದನ್ನು ತೀರ್ಮಾನಿಸಲು ಆಗೋಲ್ಲ, ಎರಡನ್ನೂ ಬೇರೆಯಾಗಿ ಉಳಿಸಿಕೊಂಡಿರುವ ಅರಬ್ಬಿಯನ್ನು ಕೇಳಬೇಕು. ಇದು ನಮ್ಮ ಕಡೆಯೂ ಇದೆ. ತೆಲುಗಿನಲ್ಲಿ ‘ಪುಲಿ’ ಅಂದರೆ ಹುಲಿಯೂ ಹೌದು, ಪುಲಿಹೋರದಲ್ಲಿರುವ ಹುಳಿಯೂ ಹೌದು. ಕನ್ನಡ, ತಮಿಳು, ಮಲಯಾಳಂನಲ್ಲಿ ಲ ಮತ್ತು ಳ ಬೇರೆಯಾಗಿ ಉಳಿದಿರೋದರಿಂದ ಅವು ಎರಡು ಬೇರೆ ಪದ ಅಂತ ಖಚಿತವಾಗಿ ಹೇಳಬಹುದು. ತೆಲುಗು ಒಂದೇ ಉಳಿದಿದ್ದರೆ ಹುಲಿಗೂ ಹುಳಿಗೂ ಏನೋ ಸಂಬಂಧ ಇದೆ ಅಂತ ಯಾರಾದರೂ ಲೇಖನ ಬರೆದಿರುತ್ತಿದ್ದರು.

ಹಂತ 8: ಮನೆಮಗನಾ, ಎರವಲಾ?

ಒಂದೇ ಪದ ಎರಡು ಭಾಷೆಯಲ್ಲಿದೆ ಅಂದರೆ ಎರಡಕ್ಕೂ ಅಜ್ಜಿಯಿಂದ ಬಂದಿರಬಹುದು, ಅಥವಾ ಒಂದು ಇನ್ನೊಂದರಿಂದ ಎರವಲು ತಗೊಂಡಿರಬಹುದು. ಧ್ವನಿನಿಯಮ ಮುರಿದಿದ್ದರೆ ಎರವಲು ಅಂತ ಅನುಮಾನಪಡಿ. ಅರಾಮಿಕ್‌ನಲ್ಲಿ ನಿಯಮದ ಪ್ರಕಾರ ಐನ್ ಬರಬೇಕು ಅಂದೆವು. ಆದರೆ ಸಾದ್ ಇರುವ ಹ಼-ಮ-ಸ಼ ಕೂಡ ಅರಾಮಿಕ್‌ನಲ್ಲಿದೆ. ಕುರ್ದಿಸ್ತಾನದಿಂದ ಇಸ್ರೇಲಿಗೆ ಬಂದ ಯೆಹೂದ್ಯರ ಅಡುಗೆ ‘ಕುಬ್ಬೆ ಹಮುಸ್ತ’ ಜೆರುಸಲೇಮಿನಲ್ಲಿ ಬಹಳ ಹೆಸರುವಾಸಿ, ಮಾಂಸ ತುಂಬಿದ ಉಂಡೆಗಳನ್ನು ಹುಳಿ ಸಾರಿನಲ್ಲಿ ಬೇಯಿಸಿದ್ದು. ಆ ‘ಹಮುಸ್ತ’ ಅವರ ಅರಾಮಿಕ್‌ನಲ್ಲಿ ಹುಳಿ. ಐನ್ ಇರಬೇಕಾದ ಜಾಗದಲ್ಲಿ ಸಾದ್ ಕಂಡಾಗ ಇದು ಪಕ್ಕದ ಭಾಷೆಯಿಂದ ಒಳಗೆ ಬಂದಿರಬಹುದು ಅಂತ ನಿಮ್ಮ ಟಿಪ್ಪಣಿಯಲ್ಲಿ ಪ್ರಶ್ನೆಚಿಹ್ನೆ ಹಾಕಿ.

ಪರ್ಷಿಯನ್, ಉರ್ದು, ಟರ್ಕಿಶ್ ಈ ಕುಟುಂಬದವೇ ಅಲ್ಲ, ಅಲ್ಲಿ ಕಾಣುವುದೆಲ್ಲ ಎರವಲು. ಮೂರರಲ್ಲೂ ದಾದ್ ಹೋಗಿ ಸಾಮಾನ್ಯವಾಗಿ ಜ಼ ಆಗಿರುತ್ತದೆ. ಅಟೋಮನ್ ಕಾಲದ ಟರ್ಕಿಶ್‌ನಲ್ಲಿ ಆಸಿಡ್‌ಗೆ ‘ಹಾಮಿಜ಼್’ ಅನ್ನುತ್ತಿದ್ದರು. ಆಮ್ಲಜನಕಕ್ಕೆ ಅವರು ಕಟ್ಟಿದ ಪದವಂತೂ ‘ಮುವೆಲ್ಲಿದುಲ್‌ಹುಮೂಜ಼’, ಹುಳಿಯನ್ನು ಹುಟ್ಟಿಸುವುದು. ಇಂಥ ಉದ್ದ ಹೆಸರು ಯಾಕೆ? 1770ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೇ ಎಲ್ಲ ಆಸಿಡ್‌ಗಳಲ್ಲೂ ಈ ಅನಿಲ ಇದ್ದೇ ಇರುತ್ತದೆ ಅಂತ ನಂಬಿ ಗ್ರೀಕಿನಿಂದ ‘ಹುಳಿ ಹುಟ್ಟಿಸುವುದು’ ಅನ್ನೋ ಅರ್ಥದ ಹೆಸರಿಟ್ಟ, ಅದೇ ಆಕ್ಸಿಜನ್. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಉಪ್ಪಿನ ಆಸಿಡ್ಡಿನಲ್ಲಿ (ಹೈಡ್ರೋಕ್ಲೋರಿಕ್ ಆಸಿಡ್) ಆಕ್ಸಿಜನ್ ಇಲ್ಲವೇ ಇಲ್ಲ ಅಂತ ತೋರಿಸಿದ. ಅಷ್ಟರಲ್ಲಿ ಹೆಸರು ಊರೆಲ್ಲ ಸುತ್ತಿ ಆಗಿತ್ತು. ಜರ್ಮನ್ನರು ಅನುವಾದಿಸಿಕೊಂಡರು, ತುರ್ಕರು ಅರಬ್ಬಿ ತುಂಡುಗಳಿಂದ ಕಟ್ಟಿಕೊಂಡರು, ಹೀಬ್ರೂದವರು ಹ಼-ಮ-ಸ಼ ಧಾತುವಿನಿಂದ ‘ಹ಼ಮ್ತ್ಸಾನ್’ ಮಾಡಿಕೊಂಡರು, ನಾವು ಆಮ್ಲಜನಕ ಅಂದೆವು. ಅರಬ್ಬಿಯವರು ಮಾತ್ರ ಈಗ ‘ಉಕ್ಸಿಜೀನ್’ ಅಂತಲೇ ಹೇಳುತ್ತಾರೆ. ಹೀಗೆ ಅನುವಾದದಿಂದ ಹುಟ್ಟಿದ ಹೊಂದಿಕೆಯನ್ನು ಪುರಾತನ ಸಂಬಂಧಕ್ಕೆ ಸಾಕ್ಷಿ ಅಂತ ಎಣಿಸಬಾರದು. ಹ಼ಮ್ತ್ಸಾನ್‌ನ ಧಾತು ಸಾವಿರಾರು ವರ್ಷ ಹಳೆಯದು, ಅರ್ಥ ಹೊಸದು.

ಹಂತ 9: ಬರೆದಿಡಿ, ಇನ್ನೊಂದು ಪದಕ್ಕೆ ಹೋಗಿ

ಒಂದು ಹಾಳೆಯಲ್ಲಿ ಭಾಷೆ, ಪದ, ಅರ್ಥ, ಎಲ್ಲಿ ಸಿಕ್ಕಿತು, ಎಷ್ಟು ನಂಬಿಕೆ ಇಷ್ಟನ್ನು ಬರೆಯಿರಿ. ನಂಬಿಕೆಯ ಕಾಲಂ ಬಿಡಬೇಡಿ. ಹೀಬ್ರೂದ ಹ಼ೋಮೆಸ಼್ ಗಟ್ಟಿ, ಅಕ್ಕೇಡಿಯನ್ನಿನ ಎಮ್ಸ಼ು ಗಟ್ಟಿ, ಯೆಶಾಯನ ಮೇವು ಬಹುಶಃ, ಹಮುಸ್ತ ಎರವಲು ಇರಬಹುದು, ಹುಮ್ಮಸ್ ಬೇಡ. ಆರು ತಿಂಗಳ ಮೇಲೆ ತೆಗೆದು ನೋಡಿದಾಗ ಯಾವುದನ್ನು ಯಾಕೆ ಒಪ್ಪಿದಿರಿ ಅಂತ ಗೊತ್ತಾಗಬೇಕು.

ಆಮೇಲೆ ಕಹಿ ಹಿಡಿಯಿರಿ, ಸುಲಭ. ಅರಬ್ಬಿಯಲ್ಲಿ ಮುರ್ರ್, ಹೀಬ್ರೂದಲ್ಲಿ ಮರ್, ಅಕ್ಕೇಡಿಯನ್‌ನಲ್ಲಿ ಮರ್ರು, ಅಕ್ಷರ ಎಲ್ಲೂ ಕೈಕೊಡೋಲ್ಲ. ಅದು ಸಪ್ಪೆ ಅನ್ನಿಸಿದರೆ ನಗು ಹಿಡಿಯಿರಿ. ಅರಬ್ಬಿಯಲ್ಲಿ ನಗುವುದಕ್ಕೆ ದ಼-ಹ಼-ಕ, ಹೀಬ್ರೂದಲ್ಲಿ ಸ಼-ಹ಼ ಆದ ಮೇಲೆ ಗಂಟಲಿನ ಕ. ಮೊದಲ ಎರಡು ಅಕ್ಷರ ನಿಯಮದಂತೆ ಬಂದವು, ಮೂರನೆಯದು ಹೊಂದಲಿಲ್ಲ, ಅರಬ್ಬಿಯದು ಸಾಧಾರಣ ಕ. ಹೀಬ್ರೂದ ಈ ಧಾತುವಿನಿಂದಲೇ ‘ಯಿಸ಼್ಹ಼ಾಕ್’, ನಮ್ಮ ಬೈಬಲ್ಲಿನ ಇಸಾಕ, ‘ಅವನು ನಗುತ್ತಾನೆ’ ಅಂತ ಅರ್ಥ. ಕುರಾನಿನ 11ನೇ ಅಧ್ಯಾಯದ 71ನೇ ವಚನದಲ್ಲಿ ಅವನ ತಾಯಿ ನಗುತ್ತಾಳೆ, ಅಲ್ಲಿ ದ಼-ಹ಼-ಕ ಇದೆ, ಅದೇ ಉಸಿರಿಗೆ ಮಗನ ಹೆಸರು ‘ಇಸ್ಹ಼ಾಕ್’ ಬರುತ್ತದೆ, ಅದರಲ್ಲಿ ದಾದೂ ಇಲ್ಲ, ಸಾದೂ ಇಲ್ಲ, ಸಾಧಾರಣ ಸ ಇದೆ. ಯಾಕೆ ಹೀಗೆ ಅಂತ ಎಂಟನೇ ಹಂತ ಇಟ್ಟುಕೊಂಡು ಯೋಚಿಸಿ ನೋಡಿ.